ಫಾಸ್ಟರ್ ಕುಟುಂಬಗಳ ಬೆಂಬಲ ಸೇವೆ: ನಾವು ಇನ್ನೊಂದು ಮಗುವಿಗೆ ಹೂಂ ಅಂದಿದ್ದು ಯಾಕೆ

ಮೊದಲೇ ಅಂಕ ಹೇಳಿಬಿಡುತ್ತೇನೆ: ಐದಕ್ಕೆ ನಾಲ್ಕು. ಒಂದು ಅಂಕ ಕಳೆದಿದ್ದು ಸಣ್ಣ ವಿಷಯಕ್ಕಲ್ಲ. ಅದನ್ನು ಮುಂದೆ ವಿವರವಾಗಿ ಬರೆದಿದ್ದೇನೆ.

ಫಾಸ್ಟರ್ ಕುಟುಂಬಗಳಿಗೆ ಒಂದು ಸಂಸ್ಥೆ ಕೊಡುವ ಬೆಂಬಲ ಸೇವೆಯ ವಿಮರ್ಶೆ ಇದು. ತರಬೇತಿ, ಮನೆಗೆ ಬಂದು ಹೋಗುವ ಕೇಸ್ ವರ್ಕರ್, ರಾತ್ರಿ ಹೊತ್ತಿನ ಫೋನ್, ಪೋಷಕರ ಗುಂಪು, ನಮಗೆ ಬಿಡುವು ಬೇಕಾದಾಗ ಮಗುವನ್ನು ನೋಡಿಕೊಳ್ಳುವ ಇನ್ನೊಂದು ಮನೆ. ಎಲ್ಲ ಸೇರಿ ಒಂದು ಸೇವೆ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಬರೆದರೆ ನಮ್ಮ ಮನೆಗೆ ಬಂದ ಮಕ್ಕಳು ಯಾರು ಅಂತ ಯಾರಾದರೂ ಊಹಿಸಿಬಿಡಬಹುದು. ಮಕ್ಕಳ ಹೆಸರು, ಫೋಟೋ ಎಲ್ಲೂ ಹಾಕುವುದಿಲ್ಲ ಅಂತ ಸಹಿ ಹಾಕಿಯೇ ನಾವು ಈ ಕೆಲಸಕ್ಕೆ ಬಂದಿದ್ದು. ಹಾಗಾಗಿ ಇಲ್ಲಿ ಒಬ್ಬಳು ದೊಡ್ಡವಳು, ಒಬ್ಬ ಚಿಕ್ಕವನು. ಅಷ್ಟು ಸಾಕು.

ಫಾಸ್ಟರ್ ಅಂದರೆ ದತ್ತು ಅಂದುಕೊಳ್ಳುವವರು ಇನ್ನೂ ತುಂಬಾ ಜನ ಇದ್ದಾರೆ. ಹಾಗಲ್ಲ. ಹೆತ್ತವರ ಜೊತೆ ಸದ್ಯಕ್ಕೆ ಇರಲಾಗದ ಮಗುವನ್ನು ನಮ್ಮ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತೇವೆ. ಪರಿಸ್ಥಿತಿ ಸರಿಹೋದರೆ ಮಗು ವಾಪಸ್ ಹೋಗುತ್ತದೆ. ಹಾಗೆ ಹೋಗುವಂತಾಗಲಿ ಅಂತಲೇ ಎಲ್ಲರೂ ಕೆಲಸ ಮಾಡುವುದು. ಮೂರು ವರ್ಷದೊಳಗಿನ ಮಕ್ಕಳನ್ನಂತೂ ಕುಟುಂಬದ ವಾತಾವರಣದಲ್ಲೇ ಬೆಳೆಸಬೇಕು ಅಂತ 2009ರ ವಿಶ್ವಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದಲ್ಲಿ ಒಂದು ಅಧ್ಯಯನ ಶುರುವಾಯಿತು. ಅನಾಥಾಲಯಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಫಾಸ್ಟರ್ ಮನೆಗಳಿಗೆ ಕಳಿಸಿದರು. ಮನೆಗೆ ಹೋದ ಮಕ್ಕಳ ಬುದ್ಧಿ ಬೆಳವಣಿಗೆ ಚೆನ್ನಾಗಿ ಆಯಿತು, ಜನರನ್ನು ಹಚ್ಚಿಕೊಳ್ಳುವುದೂ ಸುಧಾರಿಸಿತು. ಎರಡು ವರ್ಷದೊಳಗೆ ಹೋದವರಿಗೆ ಲಾಭ ಇನ್ನೂ ಜಾಸ್ತಿ. ಇದನ್ನು ಎಲ್ಲರೂ ಹೇಳುತ್ತಾರೆ. ಅಲ್ಲಿನ ಫಾಸ್ಟರ್ ಕುಟುಂಬಗಳ ಬೆನ್ನಿಗೆ ಸಮಾಜ ಕಾರ್ಯಕರ್ತರು ಸತತವಾಗಿ ನಿಂತಿದ್ದರು ಅನ್ನೋದನ್ನು ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ. ಮಗುವನ್ನು ಮನೆಗೆ ಕಳಿಸಿ ಕೈತೊಳೆದುಕೊಂಡಿದ್ದರೆ ಆ ಫಲಿತಾಂಶ ಬರುತ್ತಿತ್ತಾ?

ನಾನು ಕಂಡ ಹಾಗೆ, ಮಗುವಿನ ಕಷ್ಟ ನೋಡಿ ಯಾರೂ ಬಿಟ್ಟು ಹೋಗುವುದಿಲ್ಲ. ಆ ಕಷ್ಟದಲ್ಲಿ ನಮ್ಮ ಜೊತೆ ಯಾರೂ ಇಲ್ಲ ಅನ್ನಿಸಿದಾಗ ಬಿಟ್ಟು ಹೋಗುತ್ತಾರೆ. ನಾವೂ ಬಿಡುವವರಿದ್ದೆವು.

ಈ ಸಂಸ್ಥೆಗೆ ಬರುವ ಮೊದಲು ಬೇರೆ ಒಂದು ಕಡೆ ನೋಂದಾಯಿಸಿಕೊಂಡಿದ್ದೆವು. ದೊಡ್ಡವಳು ಬಂದಿದ್ದು ಅಲ್ಲಿಂದ. ಕರೆದುಕೊಂಡು ಬಂದವರು "ತುಂಬಾ ಶಾಂತ ಮಗು" ಅಂದರು. ಅಷ್ಟೇ ಮಾಹಿತಿ. ಚಿಲಕ ಹಾಕಿದ ಬಾಗಿಲು ಅಂದರೆ ಅವಳು ನಡುಗಿಹೋಗುತ್ತಾಳೆ ಅನ್ನೋದು ಫೈಲಿನಲ್ಲಿ ಇತ್ತಂತೆ. ನಮಗೆ ಗೊತ್ತಾಗಿದ್ದು ಬಚ್ಚಲುಮನೆಯ ಬಾಗಿಲು ಗಾಳಿಗೆ ಬಡಿದು, ಅವಳು ಒಳಗಿನಿಂದ ಕಿರುಚಿಕೊಂಡ ದಿನ. ಕೇಸ್ ವರ್ಕರ್‌ಗಳೂ ಬದಲಾಗುತ್ತಲೇ ಇದ್ದರು. ಹೊಸಬರು ಬಂದಾಗಲೆಲ್ಲ ಅವಳ ಕತೆಯನ್ನು ಮೊದಲಿನಿಂದ ಕೇಳುತ್ತಿದ್ದರು, ಅದೂ ಅವಳ ಎದುರಿಗೇ. ಅವಳು ಅಜ್ಜಿಯ ಮನೆಗೆ ಹೋದ ಮೇಲೆ ನಾನೂ ನನ್ನ ಗಂಡನೂ ಇನ್ನು ಸಾಕು ಅಂತ ಮಾತಾಡಿಕೊಂಡಿದ್ದೆವು. ಪರಿಚಯದ ಒಂದು ಫಾಸ್ಟರ್ ಕುಟುಂಬ ಈ ಸಂಸ್ಥೆಯ ಬಗ್ಗೆ ಹೇಳದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಇಲ್ಲಿ ಬೇರೆ ಥರ ಅಂತ ಮೊದಲು ಅನ್ನಿಸಿದ್ದು ಎರಡು ಹಾಳೆಗಳಿಂದ. ಚಿಕ್ಕವನು ಬರುವ ಮುಂಚೆ ಕೇಸ್ ವರ್ಕರ್ ನಮ್ಮ ಮನೆಗೆ ಬಂದು ಮೇಜಿನ ಮೇಲೆ ಎರಡು ಹಾಳೆ ಇಟ್ಟರು. ಒಂದರಲ್ಲಿ ಅವನ ಬಗ್ಗೆ ಗೊತ್ತಿರುವುದೆಲ್ಲ. ಇನ್ನೊಂದರಲ್ಲಿ ಗೊತ್ತಿಲ್ಲದ್ದು. ಮೊದಲನೆಯದರಲ್ಲಿ: ಬೋರಲು ಮಲಗುತ್ತಾನೆ. ದೀಪ ಆರಿಸಿದರೆ ಏಳುತ್ತಾನೆ. ತಿಂಡಿಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತಾನೆ. ಹಿಂದಿನಿಂದ ಬಂದು ಮುಟ್ಟಬಾರದು. ಅಮ್ಮ ಅವನನ್ನು ಏನಂತ ಕರೆಯುತ್ತಿದ್ದರು ಅನ್ನೋದೂ ಇತ್ತು. ಎರಡನೆಯದರಲ್ಲಿ: ಹಣೆಯ ಮೇಲಿನ ಹಳೇ ಗಾಯ ಹೇಗಾಯಿತೋ ಗೊತ್ತಿಲ್ಲ. ಅಣ್ಣ ಇದ್ದಾನೆ ಅನ್ನುತ್ತಾನೆ, ಇನ್ನೂ ಪತ್ತೆಯಾಗಿಲ್ಲ. ಕಿವಿ ಪರೀಕ್ಷೆ ಆಗಿಲ್ಲ, ಕರೆದರೆ ಒಮ್ಮೊಮ್ಮೆ ತಿರುಗುವುದಿಲ್ಲ.

ನನ್ನ ಗಂಡ ಹಾಳೆ ಓದಿ, "ನಾವು ಬೇಡ ಅಂದ್ರೆ?" ಅಂತ ಕೇಳಿದರು. "ಬೇಡ ಅನ್ನಬಹುದು ಸರ್. ನಿಮ್ಮ ಫೈಲಿನಲ್ಲಿ ಅದನ್ನು ದೋಷ ಅಂತ ಬರೆಯಲ್ಲ. ನಾಳೆ ಸಂಜೆವರೆಗೆ ಯೋಚನೆ ಮಾಡಿ" ಅಂದರು. ಬೇಡ ಅನ್ನುವ ದಾರಿ ತೆರೆದಿತ್ತು. ಅದಕ್ಕೇ ನಮ್ಮ ಹೂಂ ಗಟ್ಟಿಯಾಗಿ ಬಂತು.

ಆ ಹಾಳೆಯ ಪ್ರಯೋಜನ ಮೊದಲ ವಾರವೇ ಗೊತ್ತಾಯಿತು. ದಿಂಬಿನ ಕೆಳಗೆ ತಿಂಡಿ ಸಿಕ್ಕಿದಾಗ ನನಗೆ ಗಾಬರಿ ಆಗಲಿಲ್ಲ, ಕೋಪವೂ ಬರಲಿಲ್ಲ. ಮುಚ್ಚಳ ಇರುವ ಒಂದು ಡಬ್ಬಿ ತಂದು ಅವನ ಮಂಚದ ಪಕ್ಕ ಇಟ್ಟೆ. ಇದು ನಿಂದು, ಯಾವಾಗ ಬೇಕಾದರೂ ತೆಗೆದುಕೋ, ಖಾಲಿ ಆದರೆ ತುಂಬಿಸ್ತೀನಿ ಅಂದೆ. ಅವನು ರಾತ್ರಿ ಎದ್ದು ಮುಚ್ಚಳ ತೆಗೆದು ನೋಡುತ್ತಿದ್ದ. ತಿನ್ನುತ್ತಿರಲಿಲ್ಲ. ಇದೆ ಅಂತ ಖಾತ್ರಿ ಮಾಡಿಕೊಂಡು ಮಲಗುತ್ತಿದ್ದ. ಮುಂದೆ ದಿಂಬಿನ ಕೆಳಗೆ ಏನೂ ಸಿಗಲಿಲ್ಲ. ಮಾಹಿತಿ ಇಲ್ಲದಿದ್ದರೆ ನಾನು ಬೈಯುತ್ತಿದ್ದೆನೋ ಏನೋ. ಅಮೆರಿಕದಲ್ಲಿ 500ಕ್ಕೂ ಹೆಚ್ಚು ಫಾಸ್ಟರ್ ಪೋಷಕರ ಅಭಿಪ್ರಾಯ ಕೇಳಿ ಮಾಡಿದ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಗಿತ್ತು. ಬಂದ ಮಗುವನ್ನು ನಿಭಾಯಿಸಬಲ್ಲೆ ಅನ್ನುವ ಧೈರ್ಯಕ್ಕೂ ಪೋಷಕರ ತೃಪ್ತಿಗೂ ಹತ್ತಿರದ ನಂಟಿದೆ ಅಂತ ಅದರಲ್ಲಿದೆ. ನನಗೆ ಆ ಧೈರ್ಯ ಬಂದಿದ್ದು ಭಾಷಣ ಕೇಳಿ ಅಲ್ಲ. ಆ ಎರಡು ಹಾಳೆ ನೋಡಿ.

ಇನ್ನು ಸಂಜೆಯ ಫೋನ್. ಮೊದಲ ತಿಂಗಳುಗಳಲ್ಲಿ ಸಂಸ್ಥೆಯಿಂದ ಒಬ್ಬರು ಆಗಾಗ ಫೋನ್ ಮಾಡುತ್ತಾರೆ. ಅವರ ಹತ್ತಿರ ಒಂದು ಪಟ್ಟಿ ಇರುತ್ತದೆ. ನಿನ್ನೆ ಇಷ್ಟು ಹೊತ್ತಿನಿಂದ ಈಗಿನವರೆಗೆ ಹೊಡೆದನಾ, ಹಾಸಿಗೆ ಒದ್ದೆ ಮಾಡಿದನಾ, ಹೇಳಿದ ಮಾತಿಗೆ ಒಲ್ಲೆ ಅಂದನಾ, ಸಾಮಾನು ಒಡೆದನಾ, ಸುಳ್ಳು ಹೇಳಿದನಾ. ಹೌದು, ಇಲ್ಲ ಅಂದರೆ ಸಾಕು. ಪ್ರತಿ ಹೌದಿಗೂ "ಅದರಿಂದ ನಿಮಗೆ ತುಂಬಾ ಕಷ್ಟ ಆಯ್ತಾ?" ಅಂತ ಕೇಳುತ್ತಾರೆ. ಐದು ನಿಮಿಷದ ಮಾತು. ಶುರುವಿನಲ್ಲಿ ನನಗೆ ಇದು ಸುಮ್ನೆ ಲೆಕ್ಕ ಬರೆದುಕೊಳ್ಳೋದು ಅನ್ನಿಸಿತ್ತು.

ಗುಂಪಿನ ಸಭೆಯಲ್ಲಿ ಇದರ ಹಿನ್ನೆಲೆ ವಿವರಿಸಿದರು. ಪೆಟ್ರೀಷಿಯಾ ಚೇಂಬರ್ಲಿನ್ ಅನ್ನುವ ಸಂಶೋಧಕಿ ಮತ್ತು ಅವರ ತಂಡ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 5ರಿಂದ 12 ವರ್ಷದ 246 ಮಕ್ಕಳನ್ನು, ಅವರನ್ನು ನೋಡಿಕೊಳ್ಳುತ್ತಿದ್ದ ಮನೆಯವರಿಗೆ ಇದೇ ಥರ ಫೋನ್ ಮಾಡಿ ಕೇಳುತ್ತಾ ಗಮನಿಸಿದರು. 2006ರಲ್ಲಿ ಪ್ರಕಟಿಸಿದರು. ದಿನಕ್ಕೆ ಆರು ತೊಂದರೆಯ ವರ್ತನೆಗಳವರೆಗೆ ಮನೆಯವರು ಹೇಗೋ ತಡೆದುಕೊಳ್ಳುತ್ತಾರೆ. ಆರು ದಾಟಿದ ಮೇಲೆ ಒಂದೊಂದು ಹೆಚ್ಚಾದ ಹಾಗೂ ಮಗು ಆ ಮನೆ ಬಿಟ್ಟು ಹೋಗಬೇಕಾಗಿ ಬರುವ ಸಾಧ್ಯತೆ 17% ಏರುತ್ತದೆ. ನನಗೆ ಇದನ್ನು ಕೇಳಿ ಒಂಥರಾ ಸಮಾಧಾನ ಆಯಿತು. ಸಾಕಾಗಿ ಹೋಗಿದೆ ಅನ್ನಿಸುವುದು ನನ್ನ ಪ್ರೀತಿಯ ಕೊರತೆ ಅಲ್ಲ. ಯಾರಿಗಾದರೂ ಒಂದು ಮಿತಿ ಇರುತ್ತದೆ, ಅದನ್ನು ಮೊದಲೇ ಗುರುತಿಸಬಹುದು.

ಈ ಸೇವೆಯಲ್ಲಿ ನನಗೆ ಅತ್ಯಂತ ಇಷ್ಟವಾಗಿದ್ದು ಇದೇ. ಚಿಕ್ಕವನ ಪಟ್ಟಿ ಸತತವಾಗಿ ಆರು ದಾಟಿದ ವಾರ, ನಾವು ಏನೂ ಕೇಳದೆಯೇ ಕೇಸ್ ವರ್ಕರ್ ಮನೆಗೆ ಬಂದರು. ಮಗುವನ್ನು ತಿದ್ದುವ ಮಾತಿಗೆ ಹೋಗಲಿಲ್ಲ. ಬೆಳಗ್ಗೆ ಏಳುವುದರಿಂದ ಶಾಲೆಗೆ ಹೊರಡುವವರೆಗಿನ ಹೊತ್ತು ಮಾತ್ರ ನೋಡೋಣ ಅಂದರು. ಅವತ್ತೇ ಪೂರ್ತಿ ದಿನ ಸರಿಮಾಡಲು ಹೊರಟಿದ್ದರೆ ಏನೂ ಆಗುತ್ತಿರಲಿಲ್ಲ. ಅವನು ಬಟ್ಟೆ ಹಾಕಿಕೊಳ್ಳಲು ಹಟ ಮಾಡುವಾಗ ನಾನು ಒಂದೇ ಉಸಿರಿಗೆ ಮೂರು ಮಾತು ಹೇಳುತ್ತಿದ್ದೆ. ಒಂದು ಹೇಳಿ, ಮುಗಿದ ಮೇಲೆ ಇನ್ನೊಂದು ಹೇಳೋಣ ಅಂತ ಮಾಡಿದೆವು. ಕಿವಿ ಪರೀಕ್ಷೆಯನ್ನೂ ಅವರೇ ಓಡಾಡಿ ಬೇಗ ಮಾಡಿಸಿದರು. ಒಂದು ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಅವನ ಅರ್ಧ ಹಟದ ಕಾರಣ ಅಲ್ಲಿತ್ತು.

ರಾತ್ರಿಯ ಫೋನ್ ಬಗ್ಗೆ ಹೇಳದೆ ಈ ವಿಮರ್ಶೆ ಪೂರ್ತಿ ಆಗಲ್ಲ. ಅಮ್ಮನನ್ನು ಭೇಟಿ ಮಾಡಿ ಬಂದ ದಿನ ರಾತ್ರಿ ಚಿಕ್ಕವನು ನಿದ್ದೆಯಿಂದೆದ್ದು ಗೋಡೆಗೆ ತಲೆ ಚಚ್ಚಿಕೊಳ್ಳಲು ಶುರುಮಾಡಿದ. ಹತ್ತಿರ ಹೋದರೆ ಇನ್ನೂ ಜೋರು. ನನ್ನ ಗಂಡ ಫೋನ್ ಮಾಡಿ ಸ್ಪೀಕರ್ ಹಾಕಿದರು. ತಕ್ಷಣ ಎತ್ತಿದರು. ಎತ್ತಿದವರಿಗೆ ಅವನ ಹೆಸರು ಗೊತ್ತಿತ್ತು, ಅವತ್ತು ಭೇಟಿ ಇತ್ತು ಅನ್ನೋದೂ ಗೊತ್ತಿತ್ತು. "ಹಿಡಿದು ನಿಲ್ಲಿಸಬೇಡಿ ಅಮ್ಮಾ. ತಲೆಗೂ ಗೋಡೆಗೂ ಮಧ್ಯೆ ದಿಂಬು ಸರಿಸಿ. ನೀವು ನೆಲದ ಮೇಲೆ ಕೂತ್ಕೊಳ್ಳಿ, ಅವನಿಗಿಂತ ಎತ್ತರ ಇರಬೇಡಿ. ಯಾಕೆ ಅಳ್ತೀಯ ಅಂತ ಕೇಳಬೇಡಿ. ಇಲ್ಲೇ ಇದೀನಿ ಅಂತ ಮಾತ್ರ ಹೇಳಿ, ಮೆತ್ತಗೆ." ನಾನು ಹಾಗೇ ಮಾಡಿದೆ. ಅವರು ಲೈನಿನಲ್ಲೇ ಇದ್ದರು. ಏನೂ ಮಾತಾಡಲಿಲ್ಲ, ಫೋನ್ ಇಡಲೂ ಇಲ್ಲ. ಬಹಳ ಹೊತ್ತಾದ ಮೇಲೆ ಅವನು ದಿಂಬಿಗೆ ಒರಗಿ ನಿದ್ದೆ ಹೋದ. ಆಗ ಅವರು, "ಉಸಿರಾಟ ಸರಿಯಾಗಿದೆಯಾ, ತಲೆಯಲ್ಲಿ ಗಾಯ ಆಗಿದೆಯಾ ನೋಡಿ. ವಾಂತಿ ಮಾಡಿದ್ರೆ, ಎಬ್ಬಿಸಿದ್ರೂ ಸರಿಯಾಗಿ ಏಳದಿದ್ರೆ ಆಸ್ಪತ್ರೆಗೆ ಹೋಗಿ, ನನಗೂ ಫೋನ್ ಮಾಡಿ" ಅಂದರು.

ಮಾರನೇ ದಿನ ನಾನು ಫೋನ್ ಮಾಡುವ ಮೊದಲೇ ಕೇಸ್ ವರ್ಕರ್ ಫೋನ್ ಬಂತು. ರಾತ್ರಿಯ ಟಿಪ್ಪಣಿ ಓದಿದ್ದರು. ಮೊದಲು ಕೇಳಿದ್ದು "ನೀವು ಮಲಗಿದ್ರಾ?" ಅಂತ. ಆಮೇಲೆ ಇನ್ನೊಂದು ಮುಖ್ಯವಾದ ಮಾತು ಹೇಳಿದರು. ಅಮ್ಮನನ್ನು ನೋಡಿದ ದಿನ ಮಗು ಹೀಗೆ ಮಾಡಿದರೆ ಭೇಟಿ ನಿಲ್ಲಿಸಿ ಅನ್ನಿಸುತ್ತದೆ. ಆದರೆ ಆ ಅಳು ಅಮ್ಮನ ಮೇಲಿನ ಆಸೆಯದ್ದೂ ಇರಬಹುದು. ಭೇಟಿ ನಿಲ್ಲಿಸುವುದಕ್ಕಿಂತ ಭೇಟಿಯ ಆಮೇಲಿನ ಸಂಜೆಯನ್ನು ಹಗುರ ಮಾಡೋಣ ಅಂದರು. ಹಾಗೇ ಆಯಿತು. ಭೇಟಿಯ ದಿನ ಬೇರೆ ಯಾವ ಕಾರ್ಯಕ್ರಮವೂ ಇಟ್ಟುಕೊಳ್ಳಲಿಲ್ಲ, ಮನೆಗೆ ಯಾರನ್ನೂ ಕರೆಯಲಿಲ್ಲ. ಅವನ ಅಮ್ಮನ ಬಗ್ಗೆ ನನ್ನ ಮನಸ್ಸಿನಲ್ಲಿದ್ದ ಸಿಟ್ಟೂ ಕ್ರಮೇಣ ಇಳಿಯಿತು. ಅವರಿಗೆ ಅವನ ಚಿತ್ರಗಳನ್ನು ಕಳಿಸಲು ಶುರುಮಾಡಿದೆ.

ತರಬೇತಿ ಪರವಾಗಿಲ್ಲ. ಹದಿನಾರು ವಾರ, ವಾರಕ್ಕೊಮ್ಮೆ ಒಂದೂವರೆ ಗಂಟೆ. ಚೇಂಬರ್ಲಿನ್ ತಂಡದ ಪೋಷಕರ ಗುಂಪುಗಳೂ ಹೀಗೇ ನಡೆಯುತ್ತವೆ. ಪರದೆ ಮೇಲೆ ತೋರಿಸಿ ಓದುವ ಭಾಗ ಬೇಸರ. ಒಬ್ಬೊಬ್ಬರು ತಮ್ಮ ಮನೆಯ ಆ ವಾರದ ಕಷ್ಟ ಹೇಳಿ, ಉಳಿದವರು ದಾರಿ ಹುಡುಕುವ ಭಾಗ ಚಿನ್ನದಂಥದ್ದು. ಮಕ್ಕಳನ್ನು ಪಕ್ಕದ ಕೋಣೆಯಲ್ಲಿ ನೋಡಿಕೊಳ್ಳಲು ಜನ ಇಟ್ಟಿದ್ದರು, ಅದಿಲ್ಲದಿದ್ದರೆ ನಮ್ಮಲ್ಲಿ ಅರ್ಧ ಜನ ಬರುತ್ತಲೇ ಇರಲಿಲ್ಲ. ಆದರೆ ಸಮಯ ಹಗಲು ಹೊತ್ತು. ಕೆಲಸಕ್ಕೆ ಹೋಗುವವರು ಬರಲಾಗದೆ ಒದ್ದಾಡಿದರು. ನನ್ನ ಗಂಡನೂ ಅವರಲ್ಲೊಬ್ಬರು. ಇದನ್ನು ಸಂಜೆಗೆ ಬದಲಾಯಿಸಲೇಬೇಕು.

ಬಿಡುವಿನ ವ್ಯವಸ್ಥೆಗೆ ಪೂರ್ತಿ ಅಂಕ. ಹಿಂದಿನ ಕಡೆ ಬಿಡುವು ಅಂದರೆ ದೊಡ್ಡವಳನ್ನು ಅವಳು ಒಮ್ಮೆಯೂ ನೋಡದ ಮನೆಗೆ ಬಿಟ್ಟು ಬರುವುದು. ತನ್ನನ್ನು ಮತ್ತೆ ಎಲ್ಲಿಗೋ ಕಳಿಸುತ್ತಿದ್ದಾರೆ ಅಂತಲೇ ಅವಳು ತಿಳಿಯುತ್ತಿದ್ದಳು. ಅದಕ್ಕಿಂತ ಬಿಡುವೇ ಬೇಡ ಅನ್ನಿಸಿಬಿಡುತ್ತಿತ್ತು. ಇಲ್ಲಿ ಹಾಗಲ್ಲ. 2004ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಶುರುವಾದ ಮಾಕಿಂಗ್‌ಬರ್ಡ್ ಅನ್ನುವ ಮಾದರಿ ಒಂದಿದೆ. ಅನುಭವಸ್ಥ ಫಾಸ್ಟರ್ ಪೋಷಕರ ಒಂದು ಮನೆ, ಅದರ ಸುತ್ತ ಆರರಿಂದ ಹತ್ತು ಕುಟುಂಬಗಳು. ಎಲ್ಲರೂ ಒಟ್ಟಿಗೆ ಸೇರುತ್ತಿರುತ್ತಾರೆ. ಯಾರಿಗಾದರೂ ಬಿಡುವು ಬೇಕಾದಾಗ ಮಗು ಆ ಮನೆಯಲ್ಲಿ ಮಲಗಿ ಬರುತ್ತದೆ. ನಮ್ಮ ಸಂಸ್ಥೆಯೂ ಅದೇ ಥರ ಮಾಡಿದೆ. ಚಿಕ್ಕವನು ಆ ಮನೆಯವರನ್ನು ದೊಡ್ಡಮ್ಮ ಅಂತಿದ್ದ. ಅಲ್ಲಿ ಅವನ ಒಂದು ಹಲ್ಲುಜ್ಜುವ ಬ್ರಷ್, ಒಂದು ಹೊದಿಕೆ ಯಾವಾಗಲೂ ಇರುತ್ತಿತ್ತು. ಅವನನ್ನು ಬಿಟ್ಟು ಬಂದು ನಾವು ಮಾಡುತ್ತಿದ್ದ ದೊಡ್ಡ ಕೆಲಸ ಏನೂ ಇಲ್ಲ. ನಿದ್ದೆ ಮಾಡುತ್ತಿದ್ದೆವು. ಅದೇ ಬೇಕಿತ್ತು.

ಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮಗುವಿನ ಖರ್ಚಿನ ಮೊತ್ತ ಸಮಯಕ್ಕೆ ಬರುತ್ತದೆ. ಔಷಧಿ, ಓಡಾಟದ ಬಿಲ್ಲುಗಳು ಮಾತ್ರ ತಡ. ಹಣಕ್ಕೋಸ್ಕರ ಯಾರೂ ಈ ಕೆಲಸ ಮಾಡುವುದಿಲ್ಲ ಅನ್ನೋದನ್ನು ಬಿಲ್ ತಡಮಾಡಲು ನೆಪ ಮಾಡಿಕೊಳ್ಳಬಾರದು.

ಹಣಕ್ಕಿಂತ ನನಗೆ ಮುಖ್ಯವಾಗಿದ್ದು ಸಭೆಯಲ್ಲಿನ ಮರ್ಯಾದೆ. ಮಗುವಿನ ಮುಂದಿನ ದಾರಿ ನಿರ್ಧರಿಸುವ ಸಭೆಗಳಲ್ಲಿ ಕೌನ್ಸೆಲರ್, ಶಾಲೆಯವರು, ಅಧಿಕಾರಿಗಳು ಎಲ್ಲ ಇರುತ್ತಾರೆ. ಹಿಂದೆ ನಮ್ಮನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಕೊನೆಯಲ್ಲಿ ಒಳಗೆ ಕರೆದು ತೀರ್ಮಾನ ಓದಿ ಹೇಳುತ್ತಿದ್ದರು. ಇಲ್ಲಿ ಮೊದಲು ನಮ್ಮ ಮಾತು. ಅವನು ಎಷ್ಟು ಹೊತ್ತಿಗೆ ಏಳುತ್ತಾನೆ, ಯಾವ ಶಬ್ದಕ್ಕೆ ಬೆಚ್ಚುತ್ತಾನೆ, ಈ ತಿಂಗಳು ಹೊಸದಾಗಿ ಏನು ಕಲಿತ ಅನ್ನೋದನ್ನು ನಾನು ಹೇಳುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಒಮ್ಮೆ ಶಾಲೆ ಬದಲಾಯಿಸುವ ಪ್ರಸ್ತಾಪ ಬಂತು. ಈಗಷ್ಟೇ ಒಬ್ಬ ಗೆಳೆಯ ಸಿಕ್ಕಿದ್ದಾನೆ, ಈಗ ಬೇಡ ಅಂದೆ. ಆ ಪ್ರಸ್ತಾಪ ಅಲ್ಲಿಗೆ ನಿಂತಿತು. ಎಲ್ಲ ಸಲ ನಮ್ಮ ಮಾತೇ ನಡೆಯಲಿ ಅಂತ ಅಲ್ಲ. ಒಂದೆರಡು ಸಲ ನಡೆಯಲೂ ಇಲ್ಲ. ಆದರೆ ಯಾಕೆ ನಡೆಯಲಿಲ್ಲ ಅಂತ ಕೂತು ವಿವರಿಸಿದರು.

ಈಗ ಆ ಕಳೆದ ಅಂಕದ ವಿಷಯ.

ಚಿಕ್ಕವನು ಅಮ್ಮನ ಹತ್ತಿರ ವಾಪಸ್ ಹೋದ. ಅವರು ತುಂಬಾ ಕಷ್ಟಪಟ್ಟು ತಮ್ಮ ಬದುಕನ್ನು ಸರಿಮಾಡಿಕೊಂಡಿದ್ದರು. ಅದು ಸಂತೋಷದ ವಿಷಯ, ಅದರಲ್ಲಿ ಎರಡು ಮಾತಿಲ್ಲ. ಅವನ ತಯಾರಿಯನ್ನೂ ಸಂಸ್ಥೆ ಚೆನ್ನಾಗಿಯೇ ಮಾಡಿತು. ಮೊದಲು ಮಧ್ಯಾಹ್ನಗಳು, ಆಮೇಲೆ ರಾತ್ರಿಗಳು, ಆಮೇಲೆ ವಾರಾಂತ್ಯಗಳು ಅಂತ ಹಂತ ಹಂತವಾಗಿ ಕಳಿಸಿದರು. ನಮ್ಮ ತಯಾರಿಯನ್ನು ಮಾತ್ರ ಯಾರೂ ಮಾಡಲಿಲ್ಲ. ಅವನು ಹೋದ ವಾರವೇ ಫೋನ್ ಬಂತು. ಮನೆಯಲ್ಲಿರುವ ಸಾಮಾನಿನ ಪಟ್ಟಿ ಕಳಿಸಿ, ಕಡತ ಮುಚ್ಚಬೇಕು ಅಂದರು. ಸಂಜೆಯ ಕರೆ ನಿಂತಿತು. ರಾತ್ರಿಯ ನಂಬರ್ ಮಗು ಮನೆಯಲ್ಲಿರುವ ಕುಟುಂಬಗಳಿಗೆ ಮಾತ್ರ. ಗುಂಪಿಗೂ ಹಾಗೇ. ಅಂದರೆ ಮಗುವಿನ ಜೊತೆಗೇ ನಮ್ಮ ಗೆಳೆಯರ ಬಳಗವೂ ಒಂದೇ ದಿನ ಹೋಯಿತು.

ನೆಂಟರಿಷ್ಟರು "ನಿಮಗೆ ಮೊದಲೇ ಗೊತ್ತಿತ್ತಲ್ವಾ" ಅನ್ನುತ್ತಾರೆ. ಗೊತ್ತಿತ್ತು. ಗೊತ್ತಿದ್ದರೆ ನೋವಾಗುವುದಿಲ್ಲ ಅಂತ ಯಾರು ಹೇಳಿದರು? ಸಮಾಜ ದುಃಖ ಅಂತ ಲೆಕ್ಕಕ್ಕೇ ತೆಗೆದುಕೊಳ್ಳದ ದುಃಖಗಳ ಬಗ್ಗೆ ಕೆನೆತ್ ಡೋಕಾ ಅನ್ನುವವರು 1989ರಲ್ಲೇ ಬರೆದರು. ನಮ್ಮದೂ ಅಂಥದ್ದೇ. ಸಾವಲ್ಲ, ಆದ್ದರಿಂದ ಯಾರೂ ಬಂದು ಕೂರುವುದಿಲ್ಲ. ರಜೆ ಸಿಗುವುದಿಲ್ಲ. ಅತ್ತರೆ ಸ್ವಾರ್ಥ ಅಂದುಕೊಳ್ಳುತ್ತಾರೋ ಅಂತ ಅಳು ನುಂಗಿಕೊಳ್ಳುತ್ತೇವೆ. ನಮ್ಮ ಗುಂಪಿನಲ್ಲಿದ್ದ ಒಂದು ಒಳ್ಳೆಯ ಕುಟುಂಬ ಬಿಟ್ಟುಹೋಗಿದ್ದು ಇದೇ ಹಂತದಲ್ಲಿ. ಮಗು ಇದ್ದಾಗ ಅವರು ಎಂಥ ರಾತ್ರಿಗಳನ್ನು ದಾಟಿದ್ದರು ಅಂತ ನನಗೆ ಗೊತ್ತು. ಅದನ್ನೆಲ್ಲ ದಾಟಿದವರು, ಮಗು ಹೋದ ಮೇಲೆ ಯಾರೂ ಒಂದು ಫೋನ್ ಮಾಡಲಿಲ್ಲ ಅಂತ ಬಿಟ್ಟರು. ಹೊಸ ಕುಟುಂಬಗಳನ್ನು ಹುಡುಕಲು ಇಷ್ಟು ಶ್ರಮ ಪಡುವ ಸಂಸ್ಥೆ, ಪಳಗಿದ ಒಂದು ಕುಟುಂಬವನ್ನು ಹೀಗೆ ಕೈಬಿಡೋದು ನನಗೆ ಅರ್ಥವೇ ಆಗುವುದಿಲ್ಲ.

ನಾವು ಉಳಿದಿದ್ದು ನಮ್ಮ ಕೇಸ್ ವರ್ಕರ್‌ನಿಂದ. ಅವರು ತಮ್ಮ ಸ್ವಂತ ಸಮಯದಲ್ಲಿ ಬಂದು ಕೂತರು. ಚಿಕ್ಕವನ ಅಮ್ಮನ ಒಪ್ಪಿಗೆ ಕೇಳಿ, ಅವನು ಹೊಸ ಶಾಲೆಗೆ ಹೊಂದಿಕೊಂಡಿದ್ದಾನೆ ಅಂತ ತಿಳಿಸಿದರು. ಆಮೇಲೆ ಅವನ ಅಮ್ಮನೇ ನನಗೆ ಫೋನ್ ಮಾಡಿ, "ಅಕ್ಕಾ, ಮಲಗುವಾಗ ನೀವು ಹೇಳ್ತಿದ್ದ ಕತೆ ಯಾವುದು? ಅದೇ ಬೇಕಂತೆ" ಅಂತ ಕೇಳಿದರು. ಇನ್ನೊಂದು ಮಗುವಿಗೆ ಹೂಂ ಅನ್ನುವ ಶಕ್ತಿ ನನಗೆ ಬಂದಿದ್ದು ಅಲ್ಲಿಂದ. ಆದರೆ ಇದು ಒಬ್ಬರ ಒಳ್ಳೆಯತನ. ಸೇವೆಯ ಭಾಗ ಅಲ್ಲ. ಅವರು ಆ ವಾರ ರಜೆಯಲ್ಲಿದ್ದಿದ್ದರೆ ನಾವೂ ಹೋಗಿಬಿಡುತ್ತಿದ್ದೆವು.

ಸಂಸ್ಥೆಯವರಿಗೆ ಇದನ್ನೆಲ್ಲ ಪತ್ರದಲ್ಲೂ ಬರೆದುಕೊಟ್ಟಿದ್ದೇನೆ. ಮಗು ಹೋದ ಮೇಲೆ ಕೆಲವು ತಿಂಗಳಾದರೂ ರಾತ್ರಿಯ ನಂಬರ್, ಗುಂಪು ಎರಡೂ ನಮಗೆ ತೆರೆದಿರಲಿ. ಮಗುವಿನ ಸುದ್ದಿ, ಹೆತ್ತವರು ಒಪ್ಪಿದರೆ, ಒಂದೆರಡು ಸಲ ತಲುಪಲಿ. ಕಡತ ಮುಚ್ಚುವ ಫೋನ್ ಬೇರೆಯವರು ಮಾಡದೆ, ಮಗುವನ್ನು ಬಲ್ಲ ಕೇಸ್ ವರ್ಕರ್ ಮಾಡಲಿ. ಇದಕ್ಕೇನು ದೊಡ್ಡ ಖರ್ಚು ಬರುತ್ತದೆ?

ಫಾಸ್ಟರ್ ಪೋಷಕರಾಗಬೇಕು ಅಂತ ಯೋಚಿಸುತ್ತಿರುವವರಿಗೆ ಈ ಥರದ ಸೇವೆಯನ್ನೇ ಹುಡುಕಿ ಅನ್ನುತ್ತೇನೆ. ಎಲ್ಲಿಗೆ ಹೋದರೂ ಸಹಿ ಹಾಕುವ ಮೊದಲು ಕೇಳಿ: ರಾತ್ರಿ ಫೋನ್ ಯಾರು ಎತ್ತುತ್ತಾರೆ, ಅವರಿಗೆ ನಮ್ಮ ಮಗು ಯಾರು ಅಂತ ಗೊತ್ತಿರುತ್ತದಾ? ಒಬ್ಬ ಕೇಸ್ ವರ್ಕರ್ ಎಷ್ಟು ಮನೆ ನೋಡಿಕೊಳ್ಳುತ್ತಾರೆ? ಬಿಡುವು ಬೇಕಾದರೆ ಮಗು ಎಲ್ಲಿ ಮಲಗುತ್ತದೆ? ಮಗು ಹೋದ ಮಾರನೇ ದಿನ ನಮಗೆ ಯಾರು ಫೋನ್ ಮಾಡುತ್ತಾರೆ? ಈಗ ಜೊತೆಗಿರುವ ಒಂದು ಕುಟುಂಬದ ನಂಬರ್ ಕೇಳಿ, ಬಿಟ್ಟುಹೋದ ಒಂದು ಕುಟುಂಬದ ನಂಬರೂ ಕೇಳಿ. ಆ ಕುಟುಂಬಗಳನ್ನು ವಿಚಾರಿಸಿ, ಅವರು ಒಪ್ಪಿದರೆ ಒಳ್ಳೆಯ ಸಂಸ್ಥೆ ಎರಡನ್ನೂ ಕೊಡುತ್ತದೆ. ನಮಗೆ ಕೊಟ್ಟಿದ್ದರು, ಮತ್ತು ಬಿಟ್ಟುಹೋದವರು ನಮ್ಮ ಜೊತೆ ಬಹಳ ಹೊತ್ತು ಮಾತಾಡಿದರು.